ಸಿಂಧಘಟ್ಟದ ಶಾಸನ ಮತ್ತು ನಮ್ಮ ಸೀಮೆಯ ಹದಿನಾರನೆಯ ಶತಮಾನ

ಸಭೆಯಲ್ಲಿ ಆಡಿದ ಮಾತನ್ನೇ ಈ ಸಂಚಿಕೆಯ ಓದುಗರಿಗಾಗಿ ಸ್ವಲ್ಪ ವಿಸ್ತರಿಸಿ ಬರೆದುಕೊಟ್ಟಿದ್ದೇನೆ. ಓದುವವರು ಎದುರಿಗೇ ಕೂತಿದ್ದಾರೆ ಎಂದುಕೊಂಡೇ ಬರೆದಿದ್ದೇನೆ.

ಮೊದಲು ಒಂದು ಪ್ರಶ್ನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನಮ್ಮ ಮಕ್ಕಳನ್ನು ಯಾರಾದರೂ, "ನಿಮ್ಮವರು ಈ ಕಡೆಗೆ ಯಾವಾಗ ಬಂದವರು?" ಎಂದು ಕೇಳಿದರೆ ಅವರು ಏನು ಹೇಳುತ್ತಾರೆ? ಹತ್ತಕ್ಕೆ ಒಂಬತ್ತು ಮಕ್ಕಳು ಹೈದರಾಲಿ, ಟಿಪ್ಪು ಎನ್ನುತ್ತಾರೆ. ಅಂದರೆ 1761ರಿಂದ ಈಚೆಗೆ. ಕೇಳಿದವರೂ ಅದನ್ನೇ ನಂಬಿರುತ್ತಾರೆ, ಹೇಳಿದವರೂ ಅದನ್ನೇ ನಂಬಿರುತ್ತಾರೆ. ಶ್ರೀರಂಗಪಟ್ಟಣದ ಗುಂಬಜ್ 1784ರದು, ದರಿಯಾ ದೌಲತ್ ಅದೇ ವರ್ಷದ್ದು, ಎರಡು ಮಿನಾರುಗಳ ಮಸ್ಜಿದೆ ಅಅಲಾ 1787ರದು. ಕಣ್ಣಿಗೆ ಕಾಣುವುದು ಇವೇ ಆದ್ದರಿಂದ ನಮ್ಮ ಚರಿತ್ರೆಯೂ ಇವುಗಳಿಂದಲೇ ಆರಂಭವಾಯಿತು ಎಂಬ ಭಾವನೆ ಬೇರೂರಿದೆ.

ಆದರೆ ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ 1537ನೇ ಇಸವಿಯ ಒಂದು ಶಾಸನವಿದೆ. ಆ ಊರಿನಲ್ಲಿ ಕಟ್ಟಿದ ಒಂದು ಮಸೀದಿಗೆ ದತ್ತಿ ಬಿಟ್ಟ ಶಾಸನ ಅದು. ಆಗ ಆಳುತ್ತಿದ್ದವನು ವಿಜಯನಗರದ ಅಚ್ಯುತರಾಯ, ಕೃಷ್ಣದೇವರಾಯನ ತಮ್ಮ. ಹೈದರಾಲಿ ಹುಟ್ಟುವುದಕ್ಕೆ ಇನ್ನೂ ಸುಮಾರು ನೂರ ಎಂಬತ್ತು ವರ್ಷಗಳಿದ್ದವು. ಇಂದು ನಾನು ಹೇಳಬೇಕೆಂದಿರುವುದು ಈ ಕಲ್ಲಿನ ವಿಷಯ. ಒಂದು ಕಲ್ಲನ್ನು ಮಾತ್ರ ತೋರಿಸಿ "ನೋಡಿ, ನಾವೂ ಇದ್ದೆವು" ಎಂದು ಹೇಳಿ ಕೂತರೆ ಸಾಲದು. ಆ ಕಲ್ಲು ಏಕೆ ಬಂತು, ಯಾವ ಕಾಲದಲ್ಲಿ ಬಂತು, ಆಗ ಸುತ್ತ ಏನೇನು ಬದಲಾಗುತ್ತಿತ್ತು ಎಂಬುದು ತಿಳಿದರೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೆ ಮೊದಲು ಇವೆಲ್ಲ ಮೈಸೂರು ಜಿಲ್ಲೆಯವು. ಪಾಂಡವಪುರ ಹಿಂದೆ ಹಿರೋಡೆ, ಆಮೇಲೆ ಫ್ರೆಂಚ್ ರಾಕ್ಸ್. ಕೃಷ್ಣರಾಜಪೇಟೆ ಹಿಂದೆ ಅತ್ತಿಕುಪ್ಪೆ. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ದೊಡ್ಡ ಹೆಸರುಗಳೆಂದರೆ ಶ್ರೀರಂಗಪಟ್ಟಣ, ನಾಗಮಂಗಲ, ಮೇಲುಕೋಟೆ ಮತ್ತು ತೊಂಡನೂರು. ತೊಂಡನೂರನ್ನು ಈಗ ನಾವು ಕೆರೆ ತೊಣ್ಣೂರು ಎನ್ನುತ್ತೇವೆ.

ಮೊದಲು ರಾಜಕೀಯ. ಕಥೆ ನಾಗಮಂಗಲದಿಂದ ಆರಂಭವಾಗುತ್ತದೆ. ಅಲ್ಲಿನ ಪ್ರಭುವಾಗಿದ್ದ ತಿಮ್ಮಣ್ಣ ದಂಡನಾಯಕ 1454ರಲ್ಲಿ ವಿಜಯನಗರಕ್ಕೆ ಹೋಗಿ, ಶ್ರೀರಂಗಪಟ್ಟಣದ ಸೀಮೆಯ ಅಧಿಕಾರವನ್ನೂ ಅಲ್ಲಿ ಕೋಟೆ ಕಟ್ಟಲು ಅನುಮತಿಯನ್ನೂ ಪಡೆದುಕೊಂಡು ಬಂದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಕಾವೇರಿ ಎರಡಾಗಿ ಸೀಳಿ ಸುತ್ತುವರಿದ ಆ ದ್ವೀಪ ಅದುವರೆಗೆ ಮುಖ್ಯವಾಗಿ ರಂಗನಾಥಸ್ವಾಮಿಯ ಕ್ಷೇತ್ರ. ಕೋಟೆ ಬಂದ ಮೇಲೆ ಅದು ದಕ್ಷಿಣದ ಬೀಗದಕೈ ಆಯಿತು. ಶ್ರೀರಂಗಪಟ್ಟಣ ಯಾರ ಕೈಯಲ್ಲಿದೆಯೋ ಕಾವೇರಿ ಬಯಲು ಅವರದು ಎಂಬ ಸ್ಥಿತಿ ಅಲ್ಲಿಂದ 1799ರವರೆಗೂ, ಅಂದರೆ ಟಿಪ್ಪು ಶಹೀದರಾಗುವವರೆಗೂ, ಬದಲಾಗಲಿಲ್ಲ.

ತಿಮ್ಮಣ್ಣನ ವಂಶದವರ ಅಧಿಕಾರ ಸುಮಾರು 1495ರವರೆಗೆ ನಡೆಯಿತು. ಆಮೇಲೆ ವಿಜಯನಗರದ ಸೇನಾಧಿಪತಿ ತುಳುವ ನರಸನಾಯಕ, ಅಂದರೆ ಕೃಷ್ಣದೇವರಾಯನ ತಂದೆ, ಶ್ರೀರಂಗಪಟ್ಟಣದ ಮೇಲೆ ಬಂದ. ಕಾವೇರಿ ತುಂಬಿ ಹರಿಯುತ್ತಿದ್ದರೂ ನದಿಗೆ ಅಡ್ಡಲಾಗಿ ಸೇತುವೆ ಕಟ್ಟಿಸಿ ದಾಟಿ, ಶತ್ರುವನ್ನು ಜೀವಂತ ಹಿಡಿದು, ಪಟ್ಟಣವನ್ನು ತನ್ನದಾಗಿಸಿಕೊಂಡ ಎಂದು ಮಗನ ಕಾಲದ ಶಾಸನಗಳು ಹೊಗಳುತ್ತವೆ. ಹೊಗಳಿಕೆಯಲ್ಲಿ ಸ್ವಲ್ಪ ಕಳೆದುಕೊಂಡು ಓದಬೇಕು ಎಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೂ ಪಟ್ಟಣ ಕೈ ಬದಲಾಯಿಸಿದ್ದು ನಿಜ.

ಇಷ್ಟಾದರೂ ಸೀಮೆ ಸುಮ್ಮನಾಗಲಿಲ್ಲ. ದಕ್ಷಿಣಕ್ಕೆ ಉಮ್ಮತ್ತೂರಿನ ಪಾಳೆಯಗಾರರು ತಲೆ ಎತ್ತಿದರು. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ ಅವನ ಮೊದಲ ದೊಡ್ಡ ತಲೆನೋವುಗಳಲ್ಲಿ ಉಮ್ಮತ್ತೂರಿನ ಗಂಗರಾಜನೂ ಒಬ್ಬ. 1510ರಿಂದ 1512ರವರೆಗೆ ದಂಡಯಾತ್ರೆ ನಡೆಯಿತು. ಶಿವನಸಮುದ್ರದ ಕೋಟೆ ಬಿತ್ತು, ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ ಎಂಬ ಹೇಳಿಕೆ ಇದೆ. ಶ್ರೀರಂಗಪಟ್ಟಣ ಆ ಪ್ರಾಂತ್ಯದ ರಾಜಧಾನಿಯಾಗಿ, ರಾಯರ ಪ್ರತಿನಿಧಿ ಕೂರುವ ಜಾಗವಾಯಿತು. ಅದೇ ಹೊತ್ತಿಗೆ ಹತ್ತಿರದ ಮೈಸೂರಿನಲ್ಲಿ ಒಡೆಯರು ಇನ್ನೂ ಸಣ್ಣ ಪಾಳೆಯಗಾರರು. 1513ರಿಂದ 1553ರವರೆಗೆ ಅಲ್ಲಿ ಹಿರಿಯ ಬೆಟ್ಟದ ಚಾಮರಾಜ ಒಡೆಯರಿದ್ದರು. ಅವರ ವಂಶ ಒಂದು ದಿನ ಈ ಕೋಟೆಯ ಒಡೆತನ ಪಡೆಯುತ್ತದೆ ಎಂದು ಆಗ ಯಾರೂ ಎಣಿಸಿರಲಾರರು.

ಮಿತ್ರರೇ, ಈ ಯುದ್ಧಗಳಲ್ಲಿ ಒಂದು ಸಂಗತಿ ಗಮನಿಸಿ. ಉಮ್ಮತ್ತೂರಿನವರೂ ಹಿಂದೂಗಳು, ರಾಯರೂ ಹಿಂದೂಗಳು. ಅದೇ ರಾಯ ಉತ್ತರಕ್ಕೆ ಹೋಗಿ ಬಹಮನಿ ಸುಲ್ತಾನನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿ, "ಯವನರಾಜ್ಯ ಸ್ಥಾಪನಾಚಾರ್ಯ" ಎಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದ. ಯವನರ ರಾಜ್ಯವನ್ನು ಸ್ಥಾಪಿಸಿದ ಆಚಾರ್ಯ! ಅವನ ಹಿಂದಿನ ರಾಯರು 1352ರಷ್ಟು ಹಿಂದೆಯೇ "ಹಿಂದೂರಾಯ ಸುರತ್ರಾಣ" ಎಂದು ಕರೆದುಕೊಂಡಿದ್ದರು. ಸುರತ್ರಾಣ ಎಂದರೆ ಬೇರೇನೂ ಅಲ್ಲ, ಸುಲ್ತಾನ್ ಎಂಬ ಅರಬಿ ಶಬ್ದದ ಸಂಸ್ಕೃತ ವೇಷ. ಈ ಕಾಲವನ್ನು ಒಂದು ಧರ್ಮಕ್ಕೂ ಇನ್ನೊಂದು ಧರ್ಮಕ್ಕೂ ನಡೆದ ಕುಸ್ತಿ ಎಂದು ಹೇಳಿಕೊಡುವವರಿಗೆ ಈ ಎರಡು ಬಿರುದುಗಳನ್ನು ವಿವರಿಸಿ ಎಂದು ಕೇಳಿ ನೋಡಿ.

ಆಸ್ಥಾನದ ಉಡುಪಿನಲ್ಲೂ ಇದೇ ಕಥೆ. ರಾಯರ ದರಬಾರಿನಲ್ಲಿ ಉದ್ದನೆಯ ಕಬಾಯಿ, ಎತ್ತರದ ಕುಲ್ಲಾಯಿ ಗೌರವದ ಉಡುಗೆಗಳು. ಕಬಾಯಿ ಅರಬಿಯ 'ಕಬಾ', ಕುಲ್ಲಾಯಿ ಪಾರಸಿಯ 'ಕುಲಾಹ್'. ಆ ಕುಲ್ಲಾಯಿಯೇ ಸವೆದು ಕುಲಾವಿಯಾಗಿ ಇವತ್ತಿಗೂ ಹಳ್ಳಿಗಳ ಮನೆಮನೆಯಲ್ಲಿ ಕೂಸುಗಳ ತಲೆಯ ಮೇಲಿದೆ. ಯಾವ ಅಜ್ಜಿಯೂ ಮೊಮ್ಮಗುವಿಗೆ ಕುಲಾವಿ ಹೊಲಿಯುವಾಗ ಅದರ ಜಾತಿ ಕೇಳುವುದಿಲ್ಲ.

ಈಗ ಧರ್ಮದ ವಿಷಯಕ್ಕೆ ಬರೋಣ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಕಾಲಕ್ಕೆ ಜೈನಧರ್ಮ ಬಹಳ ಬಲವಾಗಿತ್ತು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರವಣಬೆಳಗೊಳವೂ ಪಕ್ಕದಲ್ಲೇ ಇದೆ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಮೇಲುಕೋಟೆಗೆ ಬಂದ ಮೇಲೆ ಶ್ರೀವೈಷ್ಣವ ಪಂಥ ಬೇರು ಬಿಟ್ಟಿತು. ಎರಡು ಪಂಥಗಳ ನಡುವೆ ತಿಕ್ಕಾಟಗಳಾದವು. 1368ರಲ್ಲಿ ಬುಕ್ಕರಾಯ ಜೈನರನ್ನೂ ಶ್ರೀವೈಷ್ಣವರನ್ನೂ ಕೂರಿಸಿ ಮಾಡಿಸಿದ ರಾಜಿಯ ಶಾಸನ ಶ್ರವಣಬೆಳಗೊಳದಲ್ಲಿದೆ. ಆ ರಾಜಿಗೆ ಒಪ್ಪಿದ ವೈಷ್ಣವ ಕ್ಷೇತ್ರಗಳ ಸಾಲಿನಲ್ಲಿ ಶ್ರೀರಂಗ, ತಿರುಪತಿ, ಕಂಚಿಗಳ ಜೊತೆಗೆ ನಮ್ಮ ಮೇಲುಕೋಟೆಯೂ ನಿಂತಿದೆ. ದುರ್ಬಲನಾದವನ ದೂರನ್ನು ರಾಜ ಕೇಳಿದ, ಅದನ್ನು ಕಲ್ಲಿನಲ್ಲಿ ಬರೆಸಿದ. ಅಲ್ಪಸಂಖ್ಯಾತರ ಹಕ್ಕು ಎಂದು ಈಗ ನಾವು ಕರೆಯುವುದಕ್ಕೆ ಇಷ್ಟು ಹಳೆಯ ಕಾಗದಪತ್ರ ಎಷ್ಟು ದೇಶಗಳಲ್ಲಿವೆಯೋ ನೋಡಬೇಕು.

ಹದಿನಾರನೆಯ ಶತಮಾನದ ಹೊತ್ತಿಗೆ ತಕ್ಕಡಿ ಪೂರ್ತಿ ವೈಷ್ಣವದ ಕಡೆ ವಾಲಿತ್ತು. ಕೃಷ್ಣದೇವರಾಯ ತಿರುಪತಿಗೆ ಏಳು ಸಲ ಹೋದವನು, ಮೊದಲ ಸಲ 1513ರಲ್ಲಿ. ಮಧ್ವ ಮತದ ವ್ಯಾಸತೀರ್ಥರಿಗೆ ಅವನ ಆಸ್ಥಾನದಲ್ಲಿ ದೊಡ್ಡ ಗೌರವ. ಹಾಗೆಂದು ಉಳಿದವರ ಬಾಯಿ ಮುಚ್ಚಿರಲಿಲ್ಲ. ವೀರಶೈವ ಕವಿ ಗುಬ್ಬಿಯ ಮಲ್ಲಣಾರ್ಯ ತನ್ನ ಭಾವಚಿಂತಾರತ್ನವನ್ನು 1513ರಲ್ಲಿ, ವೀರಶೈವಾಮೃತ ಪುರಾಣವನ್ನು 1530ರಲ್ಲಿ ಬರೆದ. 1516ರ ಸುಮಾರಿನಲ್ಲಿ ಈ ರಾಜ್ಯದ ಬಗ್ಗೆ ಬರೆದ ಪೋರ್ಚುಗೀಸ್ ಅಧಿಕಾರಿ ಬಾರ್ಬೋಸಾ, ಇಲ್ಲಿ ಕ್ರೈಸ್ತನಾಗಲಿ ಯಹೂದಿಯಾಗಲಿ ಮುಸಲ್ಮಾನನಾಗಲಿ ತನ್ನ ಧರ್ಮದಂತೆ ಬದುಕಿಕೊಂಡು ಇರಬಹುದು, ಯಾರೂ ತಡೆಯುವುದಿಲ್ಲ ಎಂದು ಆಶ್ಚರ್ಯಪಟ್ಟು ದಾಖಲಿಸಿದ್ದಾನೆ. ಅವನಿಗೆ ಮುಸಲ್ಮಾನರ ಮೇಲೆ ಪ್ರೀತಿ ಇರಲಿಲ್ಲ. ಆದ್ದರಿಂದ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಧರ್ಮ ಬದಲಾದಂತೆ ಕಟ್ಟಡವೂ ಬದಲಾಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪುಸ್ತಕ ಇಲ್ಲದೆಯೂ, ಬರಿ ಕಣ್ಣಿದ್ದರೆ ಓದಬಹುದಾದ ಚರಿತ್ರೆ ಇದು. ಮಕ್ಕಳನ್ನು ಒಂದು ದಿನ ಕೆ.ಆರ್.ಪೇಟೆ ಪಕ್ಕದ ಹೊಸಹೊಳಲಿಗೆ ಕರೆದುಕೊಂಡು ಹೋಗಿ. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯ ಹದಿಮೂರನೆಯ ಶತಮಾನದ ಹೊಯ್ಸಳರದು. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಅದರಲ್ಲಿ ಬೆರಳಿನ ಉಂಗುರದವರೆಗೂ ಕೊರೆಯಬಹುದು. ಕಟ್ಟಡ ನಕ್ಷತ್ರದಾಕಾರದ ಜಗತಿಯ ಮೇಲೆ ಕೂತಿದೆ. ಹೊರಗೋಡೆಯ ಸುತ್ತ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆಗಳ ಪಟ್ಟಿಕೆ. ಎತ್ತರ ಕಡಿಮೆ. ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಎಲ್ಲವೂ ಇದೇ ಕುಟುಂಬದವು.

ಮಾರನೆಯ ದಿನ ಮೇಲುಕೋಟೆಗೆ ಹೋಗಿ ರಾಯಗೋಪುರದ ಕೆಳಗೆ ನಿಲ್ಲಿಸಿ. ನಾಲ್ಕು ಎತ್ತರದ ಕಂಬಗಳು ಆಕಾಶದ ಕಡೆಗೆ ನಿಂತಿವೆ, ಮೇಲೆ ಗೋಪುರವೇ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದ್ದರಿಂದ ನಿಂತುಹೋಯಿತು ಎಂದು ಜನ ಹೇಳುತ್ತಾರೆ. ಕಥೆ ಹೇಗೇ ಇರಲಿ, ಅದರ ಹೆಸರಿನಲ್ಲೇ ರಾಯರಿದ್ದಾರೆ, ಶೈಲಿಯೂ ವಿಜಯನಗರದ್ದು. ಇಲ್ಲಿ ಕಲ್ಲು ಗ್ರಾನೈಟು. ಉಳಿ ಮೊಂಡಾಗುವ ಕಲ್ಲು. ಅದರಲ್ಲಿ ಉಂಗುರ ಕೊರೆಯಲಾಗದು. ಆದರೆ ಆಳೆತ್ತರವನ್ನು ಮೀರಿದ ಕಂಬ ನಿಲ್ಲಿಸಬಹುದು, ಅಗಲವಾದ ಮಂಟಪ ಹೊದಿಸಬಹುದು. ಮೇಲಿನ ಗೋಪುರವನ್ನು ಇಟ್ಟಿಗೆ ಮತ್ತು ಗಾರೆಯಿಂದ ಹಗುರಾಗಿ ಎಬ್ಬಿಸಿದರೆ ಹರದಾರಿ ದೂರಕ್ಕೆ ಕಾಣುತ್ತದೆ.

ಈ ಬದಲಾವಣೆ ಬರಿಯ ರುಚಿಯ ಬದಲಾವಣೆಯಲ್ಲ. ಹೊಯ್ಸಳರ ಗುಡಿ ಹತ್ತಿರ ಬಂದು, ಸುತ್ತು ಹಾಕಿ, ಒಂದೊಂದೇ ಶಿಲ್ಪ ನೋಡುವವನಿಗಾಗಿ ಕಟ್ಟಿದ್ದು. ವಿಜಯನಗರದ ಗುಡಿ ಜಾತ್ರೆಗೆ ಕಟ್ಟಿದ್ದು. ಉತ್ಸವಮೂರ್ತಿ ಹೊರಗೆ ಬರಬೇಕು, ರಥಬೀದಿ ಬೇಕು, ಕಲ್ಯಾಣ ಮಂಟಪ ಬೇಕು, ಸಾವಿರಾರು ಜನ ನಿಲ್ಲುವ ಪ್ರಾಕಾರ ಬೇಕು. ನಾಗಮಂಗಲದ ಸೌಮ್ಯಕೇಶವ ದೇವಾಲಯ ನೋಡಿ: ಒಳಗೆ ಹೊಯ್ಸಳರ ಕಾಲದ ಗುಡಿ, ಮುಂದೆ ವಿಜಯನಗರ ಮಾದರಿಯ ಎತ್ತರದ ಗೋಪುರ. ಶ್ರೀರಂಗಪಟ್ಟಣದ ರಂಗನಾಥ ದೇವಾಲಯದಲ್ಲೂ ಹಾಗೆಯೇ. ಗಂಗರ ಕಾಲದ ಮೂಲ, ಹೊಯ್ಸಳರ ಕಂಬಗಳು, ವಿಜಯನಗರದ ಪ್ರಾಕಾರ ಮತ್ತು ಗೋಪುರ, ಆಮೇಲೆ ಹೈದರಾಲಿಯ ಕಾಲದ ಸೇರ್ಪಡೆಗಳು. ಮರದ ಕಾಂಡವನ್ನು ಅಡ್ಡ ಕೊಯ್ದರೆ ಬಳೆಗಳು ಕಾಣುವ ಹಾಗೆ.

ಜಾತ್ರೆ ಎಂದ ಮೇಲೆ ಪೇಟೆ. ಪೇಟೆ ಎಂದ ಮೇಲೆ ಸೆಟ್ಟರು, ನೇಕಾರರು, ಎಣ್ಣೆಯವರು, ಬಳೆಗಾರರು. ಕೋಟೆ ಎಂದ ಮೇಲೆ ಕುದುರೆ, ಕುದುರೆ ಎಂದ ಮೇಲೆ ಅರಬಿ ವ್ಯಾಪಾರಿಗಳು, ಭಟ್ಕಳದಂತಹ ಬಂದರುಗಳು, ಸವಾರರು, ಲಾಳ ಹೊಡೆಯುವವರು. ಇವೆಲ್ಲಕ್ಕೂ ಹಣ ಎಲ್ಲಿಂದ? ಅದು ನಾಯಂಕರ ಪದ್ಧತಿ. ಒಂದು ಸೀಮೆಯ ಕಂದಾಯವನ್ನು ಒಬ್ಬ ನಾಯಕನಿಗೆ ಬಿಟ್ಟುಕೊಟ್ಟು, ಅದರಿಂದ ಅವನು ಇಷ್ಟು ಕುದುರೆ, ಇಷ್ಟು ಕಾಲಾಳು ಇಟ್ಟು ರಾಯರಿಗೆ ಒಪ್ಪಿಸಬೇಕು. ಸೀಮೆಯಲ್ಲಿ ಜನ ನೆಲೆ ನಿಂತರೆ, ಪೇಟೆ ಬೆಳೆದರೆ, ನಾಯಕನ ಕೈ ತುಂಬುತ್ತದೆ. ಜನ ನಿಲ್ಲಬೇಕಾದರೆ ಅವರ ದೇವರೂ ನಿಲ್ಲಬೇಕು. ಕೆರೆಗೆ, ಗುಡಿಗೆ, ಛತ್ರಕ್ಕೆ ದತ್ತಿ ಬಿಡುವುದು ಧರ್ಮವೂ ಹೌದು, ಲೆಕ್ಕಾಚಾರವೂ ಹೌದು.

ಸಿಂಧಘಟ್ಟದ ಮಸೀದಿಯನ್ನು ಈ ಲೆಕ್ಕದಲ್ಲಿಟ್ಟು ನೋಡಿ. ಸಿಂಧಘಟ್ಟ ಕಾಡಿನ ನಡುವಿನ ಕುಗ್ರಾಮವಲ್ಲ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಹಳೆಯ ಊರು. ಅಂತಹ ಊರಿನಲ್ಲಿ 1537ಕ್ಕೆ ಒಂದು ಮಸೀದಿ ಇತ್ತು ಎಂದರೆ, ಅಲ್ಲಿ ಸಾಲು ಕಟ್ಟಿ ನಮಾಜ್ ಮಾಡುವಷ್ಟು ಜನ ಇದ್ದರು, ಅಜಾನ್ ಕೊಡುವವನಿದ್ದ, ದೀಪಕ್ಕೆ ಎಣ್ಣೆ, ವುಜೂಗೆ ನೀರು, ಇಮಾಮರಿಗೆ ಊಟ ಬೇಕಾಗಿತ್ತು. ಅದಕ್ಕಾಗಿ ಬಿಟ್ಟದ್ದು ಈ ದತ್ತಿ. ಇದು ಓಡಾಡುವ ದಂಡಿನ ಡೇರೆಯಲ್ಲ. ನೆಲೆ ನಿಂತ ಜನರ ಊರಿನ ಕಟ್ಟಡ. ವಿಜಯನಗರದ ಆಳ್ವಿಕೆಯಲ್ಲಿ, ದೇವಾಲಯಗಳಿಗೆ ದತ್ತಿ ಬಿಡುವ ಅದೇ ಕ್ರಮದಲ್ಲಿ, ಅದೇ ಕನ್ನಡದಲ್ಲಿ, ಅದನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ಕಲ್ಲಿನಲ್ಲಿ ಕೆತ್ತಿಸುವುದು ಎಂದರೆ ನಾಳೆ ಬರುವ ಅಧಿಕಾರಿಯೂ ಇದನ್ನು ಕಿತ್ತುಕೊಳ್ಳಬಾರದು ಎಂದು ಎಲ್ಲರೆದುರು ಹೇಳುವುದು. ದಯೆ ತೋರಿಸಿ ಕೈಗೆ ನಾಲ್ಕು ಕಾಸು ಹಾಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಇದು ಎಲ್ಲೋ ಒಂದು ಕಡೆ ಆದ ಅಪರೂಪ ಎಂದು ತಿಳಿಯಬೇಡಿ. ಹಂಪಿಯಲ್ಲಿ 1439ರಲ್ಲಿ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಒಂದು ಮಸೀದಿ ಮತ್ತು ಬಾವಿ ಕಟ್ಟಿಸಿದ. ಶಾಸನ ಕನ್ನಡದಲ್ಲಿದೆ. ಅದರಲ್ಲಿ ಮಸೀದಿಯನ್ನು ಧರ್ಮಶಾಲೆ ಎಂದು ಕರೆದು, ದೇವರಾಯನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದೆ ಎನ್ನುತ್ತಾನೆ. ಆ ಕಟ್ಟಡಕ್ಕೆ ಮಿನಾರಿಲ್ಲ, ಗುಮ್ಮಟವಿಲ್ಲ. ಕಂಬಗಳ ಮೇಲೆ ಚಪ್ಪಟೆ ಸೂರು, ನೋಡಿದವರು ಮಂಟಪ ಎಂದೇ ಭಾವಿಸುತ್ತಾರೆ. ಕಟ್ಟಿದ ಕಲ್ಲುಕುಟಿಗರಿಗೆ ತಿಳಿದಿದ್ದ ವಿದ್ಯೆ ಅದು. ಕೆಲವೇ ಫರ್ಲಾಂಗು ದೂರದಲ್ಲಿ ಅರಮನೆಯ ಕಮಲ ಮಹಲಿನಲ್ಲಿ ಕಮಾನುಗಳಿವೆ, ಆನೆ ಲಾಯಕ್ಕೆ ಗುಮ್ಮಟಗಳಿವೆ. ಮುಸಲ್ಮಾನನ ಮಸೀದಿ ಮಂಟಪದಂತೆ, ರಾಯರ ಅರಮನೆ ಸುಲ್ತಾನರ ಮಹಲಿನಂತೆ! ಸುಮಾರು 1520ರಲ್ಲಿ ಆ ನಗರ ನೋಡಿದ ಪಾಯೆಸ್, ನಗರದ ಅಂಚಿನಲ್ಲಿ ಮುಸಲ್ಮಾನರ ಕೇರಿ ಇತ್ತು, ಅವರಲ್ಲಿ ಬಹಳ ಜನ ಈ ದೇಶದಲ್ಲೇ ಹುಟ್ಟಿದವರು, ರಾಜನ ಸಂಬಳ ತಿಂದು ಕಾವಲು ಕಾಯುವವರು ಎಂದು ಬರೆದಿದ್ದಾನೆ. ಈ ದೇಶದಲ್ಲೇ ಹುಟ್ಟಿದವರು ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಅಡಿಗೆರೆ ಎಳೆದು ಓದಬೇಕು.

ನಮ್ಮ ಸೀಮೆಯಲ್ಲೇ ಇದಕ್ಕಿಂತ ಹಳೆಯ ಗುರುತು ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿದೆ. ಅಲ್ಲಿ ಸೈಯದ್ ಸಾಲಾರ್ ಮಸೂದರ ಹೆಸರಿನ ಗೋರಿ ಇದೆ; ಅದರ ಕಾಲ ಹಿಜರಿ 760, ಅಂದರೆ 1358-59 ಎಂದು ಗೆಜೆಟಿಯರ್ ದಾಖಲಿಸಿದೆ. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ದರ್ಗಾ ಇರುವ ಪ್ರಸಿದ್ಧ ಸಾಲಾರ್ ಮಸೂದ್ ಹನ್ನೊಂದನೆಯ ಶತಮಾನದವರು. ಹೆಸರು ಒಂದೇ ಎಂದು ಇಬ್ಬರನ್ನೂ ಒಂದು ಮಾಡಬಾರದು. ತೊಣ್ಣೂರಿನ ದೊಡ್ಡ ಕೆರೆಗೆ ಮೋತಿ ತಾಲಾಬ್ ಎಂಬ ಹೆಸರು ಬಂದದ್ದು ಮಾತ್ರ ಬಹಳ ಈಚೆಗೆ, 1746ರಲ್ಲಿ ಹೈದರಾಬಾದಿನ ನಾಸಿರ್ ಜಂಗ್ ಅಲ್ಲಿಗೆ ಬಂದಾಗ. ತಿಳಿನೀರನ್ನು ಕಂಡು ಮುತ್ತು ಎಂದ. ಕೆರೆ ಕಟ್ಟಿದವರು ಯಾರೋ, ಹೆಸರಿಟ್ಟವರು ಯಾರೋ, ನೀರು ಕುಡಿಯುವವರು ಎಲ್ಲರೂ.

ಮೇಲುಕೋಟೆಯ ಬೀಬಿ ನಾಚಿಯಾರರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಚೆಲುವನಾರಾಯಣನ ಉತ್ಸವಮೂರ್ತಿ ದಿಲ್ಲಿಯ ಸುಲ್ತಾನನ ಅರಮನೆಯಲ್ಲಿತ್ತು, ಸುಲ್ತಾನನ ಮಗಳು ಅದನ್ನು ಪ್ರಾಣದಂತೆ ಪ್ರೀತಿಸಿದಳು, ರಾಮಾನುಜರು ಅದನ್ನು ತಂದಾಗ ಅವಳೂ ಹಿಂದೆಯೇ ಬಂದು ಸ್ವಾಮಿಯಲ್ಲಿ ಐಕ್ಯಳಾದಳು ಎಂಬುದು ಕಥೆ. ದೇವರ ಪಾದದ ಬಳಿ ಅವಳ ವಿಗ್ರಹವಿದೆ. ನಮ್ಮ ಅಕೀದೆಯ ಪ್ರಕಾರ ಇದನ್ನು ನಾವು ಒಪ್ಪಿಕೊಳ್ಳುವ ಪ್ರಶ್ನೆಯೇ ಇಲ್ಲ. ಚರಿತ್ರೆಯ ಲೆಕ್ಕಕ್ಕೂ ಅದು ಹೊಂದುವುದಿಲ್ಲ: ರಾಮಾನುಜರು ಹನ್ನೆರಡನೆಯ ಶತಮಾನದವರು, ದಿಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಅಂದರೆ ಕಥೆ ಆಮೇಲೆ ಹುಟ್ಟಿದ್ದು. ದಂಡುಗಳು ಬಂದು ಹೋದ ಮೇಲೆ, ಗಾಯ ಮಾಯುವ ಕಾಲದಲ್ಲಿ ಹುಟ್ಟಿದ ಕಥೆ ಎಂದು ನನ್ನ ಅಭಿಪ್ರಾಯ. ಗುಡಿಯವರು ತಮ್ಮ ಸೋಲಿನ ನೆನಪನ್ನು ದ್ವೇಷದ ಕಥೆಯಾಗಿಯೂ ಉಳಿಸಿಕೊಳ್ಳಬಹುದಾಗಿತ್ತು. ಅವರು ಒಬ್ಬ ಹುಡುಗಿಯನ್ನು ಗರ್ಭಗುಡಿಗೆ ಕರೆದುಕೊಂಡರು.

ಗಾಯ ಎಂದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು, 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ದಂಡು. ಊರು ಹಾಳಾಯಿತು, ಗುಡಿಗಳಿಗೆ ಹಾನಿಯಾಯಿತು, ಹೊಯ್ಸಳ ರಾಜ ತೊಣ್ಣೂರಿಗೆ ಬಂದು ನಿಂತ. ಮೇಲುಕೋಟೆಗೂ ಪೆಟ್ಟು ಬಿತ್ತು. ಅದನ್ನು ಜೀರ್ಣೋದ್ಧಾರ ಮಾಡಿದವನು ಮೇಲೆ ಹೇಳಿದ ನಾಗಮಂಗಲದ ತಿಮ್ಮಣ್ಣ ದಂಡನಾಯಕನೇ; 1458ರಲ್ಲಿ ಅವನ ಪತ್ನಿ ಅಲ್ಲಿ ರಂಗಮಂಟಪ ಕಟ್ಟಿಸಿದಳು. ನಮ್ಮ ಕಡೆಯವರು ಮಾಡಿದ್ದು ಎಂದು ಇದನ್ನು ಬಿಟ್ಟು ಓದಿದರೆ ಮಿಕ್ಕ ಚರಿತ್ರೆಯನ್ನು ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ. ಅದೇ ತಿಮ್ಮಣ್ಣ ಶ್ರೀರಂಗಪಟ್ಟಣದ ರಂಗನಾಥ ದೇವಾಲಯವನ್ನು ವಿಸ್ತರಿಸುವಾಗ ಕಳಸ್ತವಾಡಿಯ ನೂರ ಒಂದು ಜೈನ ಬಸದಿಗಳ ಕಲ್ಲುಗಳನ್ನು ತಂದು ಬಳಸಿದ ಎಂಬ ಐತಿಹ್ಯವನ್ನೂ ಗೆಜೆಟಿಯರ್ ಕೊಡುತ್ತದೆ. ನೂರ ಒಂದು ಎಂಬ ಸಂಖ್ಯೆಯನ್ನು ನಾನು ಅಕ್ಷರಶಃ ನಂಬುವುದಿಲ್ಲ. ನಮ್ಮ ಜನ ಬಹಳ ಎನ್ನುವುದಕ್ಕೆ ನೂರ ಒಂದು ಎನ್ನುತ್ತಾರೆ. ಆದರೆ ಬಿದ್ದ ಕಟ್ಟಡದ ಕಲ್ಲು, ಬೀಳಿಸಿದ ಕಟ್ಟಡದ ಕಲ್ಲು, ಗೆದ್ದವನ ಗೋಡೆಗೆ ಹೋಗುವುದು ಯಾವ ಒಂದು ಮತದವರ ಸೊತ್ತೂ ಅಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಹೆಸರು ಪತ್ರಿಕೆಯಲ್ಲಿ ಬಂದಾಗಲೆಲ್ಲ ಯಾವುದರ ಕೆಳಗೆ ಯಾವುದಿದೆ ಎಂಬ ವಾದವೇ ಕೇಳಿಬರುತ್ತದೆ. ಕೆಳಗೆ ಅಗೆಯುತ್ತ ಹೋದರೆ ಗಂಗರವರೆಗೂ ಹೋಗಬೇಕಾಗುತ್ತದೆ, ಅಲ್ಲಿಗೂ ನಿಲ್ಲುವುದಿಲ್ಲ.

ಇನ್ನೊಂದು ಶಬ್ದದ ವಿಷಯ. ಅಂದಿನ ಶಾಸನಗಳಲ್ಲಿ ನಮ್ಮವರನ್ನು ತುರುಕ, ಯವನ ಎಂದು ಕರೆದಿರುವುದನ್ನು ಕಂಡು ನಮ್ಮ ಹುಡುಗರು ನೊಂದುಕೊಳ್ಳುತ್ತಾರೆ. ಇಂದು ಬೀದಿಯಲ್ಲಿ ಆ ಮಾತು ಬೈಗುಳವಾಗಿದೆ, ನಿಜ. ಅಂದು ಅದು ತುರ್ಕಿ ಜನ ಎಂಬ ಅರ್ಥದ ಹೆಸರು. ತೆಲುಗ, ತಿಗುಳ, ಕೊಂಕಣಿಗ ಎನ್ನುವಂತೆ. ಶಬ್ದಕ್ಕೂ ಆಯುಷ್ಯ ಇರುತ್ತದೆ, ಅದೂ ಕೆಡುತ್ತದೆ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧವಾಯಿತು, ಹಂಪಿ ಹಾಳಾಯಿತು. ಆದರೂ ಶ್ರೀರಂಗಪಟ್ಟಣದಲ್ಲಿ ರಾಯರ ಪ್ರತಿನಿಧಿ ಇನ್ನೂ ನಲವತ್ತೈದು ವರ್ಷ ಕೂತಿದ್ದ. 1610ರಲ್ಲಿ ರಾಜ ಒಡೆಯರು ಅದನ್ನು ಪಡೆದುಕೊಂಡರು. ಮೈಸೂರು ಬೆಳೆಯಿತು, ಹೈದರಾಲಿ ಆ ಮೈಸೂರಿನ ಸೇವೆಗೆ ಸಾಮಾನ್ಯ ಸವಾರನಾಗಿ ಸೇರಿದರು. ನಾವು 1761ರಿಂದ ಆರಂಭಿಸುವ ಕಥೆಗೆ ಇಷ್ಟು ಉದ್ದದ ಹಿಂದಿನ ಅಧ್ಯಾಯಗಳಿವೆ.

ಇವನ್ನೆಲ್ಲ ಓದುವುದು ಎಲ್ಲಿ ಎಂದು ಸಭೆಯ ನಂತರ ಕೆಲವು ವಿದ್ಯಾರ್ಥಿಗಳು ಕೇಳಿದರು. ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರೂರು ತಿರುಗಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಅಚ್ಚು ಮಾಡಿಸಿದರು. ಮೈಸೂರು ಜಿಲ್ಲೆಯ ಶಾಸನಗಳು ಮೂರನೆಯ ಮತ್ತು ನಾಲ್ಕನೆಯ ಸಂಪುಟಗಳಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿತು. ಅದರ ಆರನೆಯ ಸಂಪುಟ 1977ರದು; ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರು ತಾಲ್ಲೂಕುಗಳು ಅದರಲ್ಲಿವೆ. ನಾಗಮಂಗಲ ಏಳನೆಯ ಸಂಪುಟದಲ್ಲಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿದರೆ ತೆಗೆದುಕೊಡುತ್ತಾರೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ, ಪುಟಗಳು ಹಳೆಗನ್ನಡಕ್ಕೆ ಹೆದರುವಷ್ಟು ಕಷ್ಟವಿಲ್ಲ. ಹದಿನಾರನೆಯ ಶತಮಾನದ ಕನ್ನಡ ಹೆಚ್ಚು ಕಡಿಮೆ ನಮ್ಮ ಅಜ್ಜಂದಿರು ಬರೆಯುತ್ತಿದ್ದ ಪತ್ರಗಳ ಕನ್ನಡದಂತೆಯೇ ಇದೆ. ಮೊದಲು ಕೃಷ್ಣರಾಜಪೇಟೆ ತಾಲ್ಲೂಕು ತೆಗೆದು ಸಿಂಧಘಟ್ಟವನ್ನು ಹುಡುಕಿ. ಹೊಯ್ಸಳರ ಗುಡಿಗಳ ದತ್ತಿಗಳ ನಡುವೆ, ಅದೇ ಊರಿನ ಹೆಸರಿನ ಕೆಳಗೆ, ಮಸೀದಿಯ ದತ್ತಿಯೂ ಇದೆ.